ಹಳೆಯ ಓಮ್ನಿ ಪೆಟ್ರೋಲ್ ಕುಡಿಯುತ್ತಿದೆಯೇ? ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ

ಬೆಳಗ್ಗೆ ಶಾಲೆ ಮಕ್ಕಳು, ಮಧ್ಯಾಹ್ನ ತರಕಾರಿ ಮೂಟೆ, ಸಂಜೆ ಕೇಟರಿಂಗ್ ಪಾತ್ರೆ. ಓಮ್ನಿ ಹೊರದ ಹೊರೆಯಿಲ್ಲ. 1984ರಲ್ಲಿ ರಸ್ತೆಗಿಳಿದ ಈ ವ್ಯಾನ್‌ನ ತಯಾರಿಕೆ 2019ರಲ್ಲೇ ನಿಂತಿದ್ದರೂ ಅದನ್ನೇ ನಂಬಿ ಬದುಕುವವರು ಇಂದಿಗೂ ಇದ್ದಾರೆ. ಅವರೆಲ್ಲರ ದೂರು ಒಂದೇ: ಗಾಡಿ ಎಳೆಯುತ್ತಿಲ್ಲ, ಮೈಲೇಜ್ ಬರುತ್ತಿಲ್ಲ.

ಇಂಜಿನ್ ಪೆಟ್ರೋಲ್‌ಗಿಂತ ಹೆಚ್ಚಾಗಿ ತಿನ್ನುವುದು ಗಾಳಿಯನ್ನು. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಅಂದರೆ ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ 9,000 ಲೀಟರ್ ಗಾಳಿ! ಓಮ್ನಿಯ 796 ಸಿಸಿ, ಮೂರು ಸಿಲಿಂಡರ್‌ಗಳ ಪುಟ್ಟ ಇಂಜಿನ್ ಇಷ್ಟನ್ನೂ ಒಂದೇ ಫಿಲ್ಟರ್ ಮೂಲಕ ಎಳೆದುಕೊಳ್ಳಬೇಕು. ಇಂಜಿನ್ ಮುಂದಿನ ಸೀಟುಗಳ ಕೆಳಗೇ ಇರುವುದರಿಂದ ರಸ್ತೆಯ ಧೂಳಿಗೂ ಅದಕ್ಕೂ ಅಂತರ ಕಡಿಮೆ.

ಕಾರ್ಬ್ಯುರೇಟರ್ ಇದ್ದರೆ ಲೆಕ್ಕವೇ ಬೇರೆ

ಹಳೆಯ ಓಮ್ನಿಗಳಲ್ಲಿ ಕಾರ್ಬ್ಯುರೇಟರ್ ಇದೆ, ನಂತರ ಬಂದವುಗಳಲ್ಲಿ ಎಂಪಿಎಫ್‌ಐ. ಕಾರ್ಬ್ಯುರೇಟರ್‌ಗೆ ಬುದ್ಧಿ ಇಲ್ಲ. ಫಿಲ್ಟರ್ ಕಟ್ಟಿಕೊಂಡು ಗಾಳಿ ಕಡಿಮೆಯಾದರೂ ಪೆಟ್ರೋಲ್ ಅದೇ ಪ್ರಮಾಣದಲ್ಲಿ ಕಡಿಮೆಯಾಗದು. ಮಿಶ್ರಣ ದಪ್ಪವಾಗುತ್ತದೆ, ಸ್ಪಾರ್ಕ್ ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರ್‌ನಿಂದ ಹೊಗೆ ಬರುತ್ತದೆ. ಎಂಪಿಎಫ್‌ಐನಲ್ಲಿ ಒಳಬರುವ ಗಾಳಿಯನ್ನು ಸೆನ್ಸರ್ ಮೂಲಕ ಅಂದಾಜಿಸಿ ಅದಕ್ಕೆ ತಕ್ಕಷ್ಟೇ ಇಂಧನ ಬಿಡಲಾಗುತ್ತದೆ. ಹಾಗಾಗಿ ಕಟ್ಟಿಕೊಂಡ ಫಿಲ್ಟರ್‌ನಿಂದ ಎಳೆತ ಕುಗ್ಗುತ್ತದೆಯೇ ಹೊರತು ಮೈಲೇಜ್ ಅಷ್ಟಾಗಿ ಕೆಡುವುದಿಲ್ಲ.

ಇದು ಬರೀ ಗ್ಯಾರೇಜ್ ಮಾತಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ ಕಂಡದ್ದೂ ಇದನ್ನೇ. ಕಾರ್ಬ್ಯುರೇಟರ್ ಗಾಡಿಯಲ್ಲಿ ಸಾಮಾನ್ಯವಾಗಿ ಕೊಳೆಯಾದ ಫಿಲ್ಟರ್ ಬದಲಿಸಿದರೆ ಮೈಲೇಜ್ ಶೇ. 2ರಿಂದ 6ರಷ್ಟು ಸುಧಾರಿಸಬಹುದು. ದಿನಕ್ಕೆ 60 ಕಿ.ಮೀ.ನಂತೆ ತಿಂಗಳಲ್ಲಿ 25 ದಿನ ಓಡುವ, ಲೀಟರಿಗೆ 14 ಕಿ.ಮೀ. ಕೊಡುವ ವ್ಯಾನ್‌ಗೆ 107 ಲೀಟರ್ ಬೇಕು. ಶೇ. 5ರಷ್ಟು ಉಳಿದರೂ 5 ಲೀಟರ್. ಅಂದರೆ ಒಂದೆರಡು ತಿಂಗಳಲ್ಲೇ ಫಿಲ್ಟರ್‌ನ ಖರ್ಚು ಹುಟ್ಟುತ್ತದೆ.

ಪೇಪರ್ ಫಿಲ್ಟರನ್ನು ನೀರಲ್ಲಿ ತೊಳೆಯಬೇಡಿ. ಕಂಪ್ರೆಸರ್ ಗಾಳಿಯನ್ನು ಜೋರಾಗಿ ಬಿಟ್ಟರೆ ಪೇಪರ್ ಸೂಕ್ಷ್ಮವಾಗಿ ಹರಿದು ಧೂಳು ನೇರ ಸಿಲಿಂಡರ್‌ಗೆ ಹೋಗುತ್ತದೆ. ಮೆಲ್ಲಗೆ ಒಳಗಿನಿಂದ ಹೊರಕ್ಕೆ ಊದಬಹುದು, ಅದೂ ಒಂದೆರಡು ಸಲ ಮಾತ್ರ. ಬಾಕ್ಸ್‌ನ ಕ್ಲಿಪ್ ಮತ್ತು ರಬ್ಬರ್ ಪೈಪ್ ಬಿರುಕು ಬಿಟ್ಟಿದ್ದರೆ ಹೊಸ ಫಿಲ್ಟರ್ ಹಾಕಿಯೂ ಉಪಯೋಗವಿಲ್ಲ. ಚೋಕ್ ಅರ್ಧ ಮುಚ್ಚಿಕೊಂಡೇ ಉಳಿದಿದೆಯೇ ಎಂಬುದನ್ನೂ ನೋಡಬೇಕು. ಮೈಲೇಜ್ ನುಂಗುವ ಈ ಕಳ್ಳನನ್ನು ಹಲವರು ಗಮನಿಸುವುದೇ ಇಲ್ಲ. ಗ್ಯಾಸ್ ಕಿಟ್ ಹಾಕಿಸಿದ ಗಾಡಿಯಲ್ಲೂ ಗಾಳಿ ಕಟ್ಟಿದರೆ ಮಿಶ್ರಣ ಏರುಪೇರಾಗುತ್ತದೆ.

ಇನ್ನು, ಬಾಕ್ಸ್ ಕಿತ್ತು ತೆರೆದ ಕೋನ್ ಫಿಲ್ಟರ್ ಹಾಕಿಸುವ ಶೋಕಿ. ಸೀಟಿನ ಕೆಳಗಿನ ಬಿಸಿ ಗಾಳಿಯನ್ನೇ ಅದು ಎಳೆಯುತ್ತದೆ. ಬಿಸಿ ಗಾಳಿ ತೆಳು, ಹಾಗಾಗಿ ಸದ್ದು ಹೆಚ್ಚುತ್ತದೆ, ಶಕ್ತಿ ಹೆಚ್ಚುವುದಿಲ್ಲ. ಪೆಟ್ರೋಲ್ ಪೈಪಿಗೆ ಮ್ಯಾಗ್ನೆಟ್, ಇನ್‌ಟೇಕ್‌ಗೆ ಪುಟ್ಟ ಫ್ಯಾನ್ ಮಾರುವವರಿಂದಲೂ ದೂರವಿರಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ 100ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಮೈಲೇಜನ್ನು ಗಣನೀಯವಾಗಿ ಹೆಚ್ಚಿಸುವಂಥದ್ದು ಅದಕ್ಕೆ ಸಿಕ್ಕಿಲ್ಲ.

ಟೈರ್ ಗಾಳಿ, ಹಿಡಿದುಕೊಂಡ ಬ್ರೇಕ್, ಸವೆದ ಪ್ಲಗ್ ಕೂಡ ಪರೀಕ್ಷಿಸಿ. ಲಾಭ ಆಯಿತೇ ಎಂದು ತಿಳಿಯಲು ಟ್ಯಾಂಕ್ ತುಂಬಿಸಿ, 200 ಕಿ.ಮೀ. ಓಡಿಸಿ, ಅದೇ ಬಂಕ್‌ನಲ್ಲಿ ಮತ್ತೆ ತುಂಬಿಸಿ ಲೆಕ್ಕ ಹಾಕಿ. ಮೀಟರ್ ಮುಳ್ಳು ನಂಬಬೇಡಿ.

ಫಿಲ್ಟರ್ ಬಿಚ್ಚಿದಾಗ ಧೂಳಿನ ಬದಲು ಇಂಜಿನ್ ಆಯಿಲ್ ಜಿನುಗಿದ್ದರೆ ಮಾತ್ರ ಹೊಸದನ್ನು ಕೊಳ್ಳುವ ಅವಸರ ಬೇಡ. ಬ್ರೀದರ್ ಪೈಪಿನಿಂದ ಆಯಿಲ್ ಬರುತ್ತಿರಬಹುದು, ಪಿಸ್ಟನ್ ರಿಂಗ್ ಸವೆದಿರಬಹುದು. ಮೊದಲು ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್ ಚೆಕ್ ಮಾಡಿಸಿ.