ಮಾರಿಯೋ ಒಂದೋ, ಮೂರೋ?

ಮೂವತ್ತೈದು ದಾಟಿದ ಮಂಡ್ಯ ಸೀಮೆಯ ನಾಲ್ಕು ಜನರನ್ನು ಒಂದು ಕಡೆ ಕೂರಿಸಿ, ‘ಮಾರಿಯೋ ಆಟಗಳಲ್ಲಿ ಯಾವುದು ಚೆನ್ನ?’ ಎಂದು ಕೇಳಿ ನೋಡಿ. ಟೀ ಆರಿಹೋಗುತ್ತದೆ, ತೀರ್ಮಾನ ಆಗುವುದಿಲ್ಲ. ಪಾಂಡವಪುರದಲ್ಲಿ ನಾವು, ಶ್ರೀರಂಗಪಟ್ಟಣದಲ್ಲಿ ಸೋದರತ್ತೆ ಮಕ್ಕಳು, ಕೆ.ಆರ್. ಪೇಟೆಯಲ್ಲಿ ಚಿಕ್ಕಪ್ಪನ ಮನೆ, ನಾಗಮಂಗಲದಲ್ಲಿ ದೊಡ್ಡಮ್ಮನ ಮನೆ. ಮದುವೆ, ಬೀಗರೂಟ ಎಂದು ಸೇರಿದಾಗಲೆಲ್ಲ ಈ ಜಗಳ ನಮ್ಮಲ್ಲಿ ಇಂದಿಗೂ ಏಳುತ್ತದೆ.

ಜಗಳಕ್ಕೆ ಕಾರಣ ಆಟಕ್ಕಿಂತ ಹೆಚ್ಚಾಗಿ ಕ್ಯಾಸೆಟ್ಟು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ‘ಫ್ಯಾಮಿಕಾಮ್’ ಎಂಬ ಯಂತ್ರದ ನಕಲುಗಳು 90ರ ದಶಕದಲ್ಲಿ ಲಿಟಲ್ ಮಾಸ್ಟರ್, ಮೀಡಿಯಾ ಮುಂತಾದ ಹೆಸರಿನಲ್ಲಿ ನಮ್ಮ ಕಡೆಗೂ ಬಂದವು. ನಮ್ಮ ಬಾಯಲ್ಲಿ ಅದು ಬರೀ ‘ವಿಡಿಯೋ ಗೇಮ್’. ಶ್ರೀರಂಗಪಟ್ಟಣದವರಿಗೆ ಮೈಸೂರು ಹದಿನೈದು ಕಿಲೋಮೀಟರ್ ದೂರ. ಹೊಸ ಕ್ಯಾಸೆಟ್ ಮೊದಲು ಅವರ ಕೈಗೆ. ನಾಗಮಂಗಲದವರು ಬೆಂಗಳೂರಿನಿಂದ ಯಾರಾದರೂ ಬರುವವರೆಗೆ ಕಾಯಬೇಕು. ಕೆ.ಆರ್. ಪೇಟೆಗೆ ಉಳಿದವರು ಆಡಿ ಬಿಟ್ಟ ಕ್ಯಾಸೆಟ್ಟು ಬೇಸಿಗೆ ರಜೆಯಲ್ಲಿ ಬಟ್ಟೆಬ್ಯಾಗಿನ ತಳದಲ್ಲಿ ಕೂತು ಹೋಗುತ್ತಿತ್ತು. ಯಾರಿಗೆ ಯಾವುದು ಮೊದಲು ಸಿಕ್ಕಿತೋ ಅದೇ ಅವರ ಪಾಲಿನ ಅಸಲಿ ಮಾರಿಯೋ.

ಅಸಲಿ ಎಂದೆನಲ್ಲ, ನಮಗೆ ಸಿಕ್ಕಿದ್ದರಲ್ಲಿ ಅರ್ಧಕ್ಕರ್ಧ ಅಸಲಿಯಲ್ಲ. ಆ ಯಂತ್ರಕ್ಕೆ ಜಪಾನು, ಅಮೆರಿಕ ಎರಡೂ ಸೇರಿ ನಿಂಟೆಂಡೊ ಮಾಡಿದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟಗಳು ನಾಲ್ಕೇ. ನಕಲಿ ಕ್ಯಾಸೆಟ್‌ಗಳ ಪಟ್ಟಿಯಲ್ಲಿ ಮಾತ್ರ ಮಾರಿಯೋ 6, ಮಾರಿಯೋ 14 ಎಂದೆಲ್ಲ ಇರುತ್ತಿತ್ತು. ‘ಟೈನಿ ಟೂನ್’ ಎಂಬ ಮೊಲದ ಆಟವನ್ನು ತೆಗೆದುಕೊಂಡು, ಮೊಲದ ಜಾಗಕ್ಕೆ ಮೀಸೆಯವನನ್ನು ತಂದು ಕೂರಿಸಿದರೆ ಮಾರಿಯೋ 6. ಜಪಾನಿನ ಬೇರೊಂದು ಆಟದ ನಾಯಕನಿಗೆ ಮಾರಿಯೋ ಮುಖ ಅಂಟಿಸಿದರೆ ಮಾರಿಯೋ 14. ‘9999999 ಇನ್ 1’ ಎಂಬ ಕ್ಯಾಸೆಟ್ಟಿನೊಳಗೆ ಇರುತ್ತಿದ್ದುದು ಬೆರಳೆಣಿಕೆಯ ಆಟಗಳು. ಉಳಿದವೆಲ್ಲ ಅವೇ, ಬೇರೆ ಬೇರೆ ಸ್ಟೇಜಿನಿಂದ ಶುರುವಾಗುವಂಥವು. ಮೋಸ ಎಂದು ನಮಗೆ ಅನ್ನಿಸಲೇ ಇಲ್ಲ. ಮಾರಿಯೋ 14 ನೋಡಿದವನಿಗೆ ಓಣಿಯಲ್ಲಿ ಒಂದು ತೂಕ ಬೇರೆ ಇತ್ತು.

ಮೊದಲನೆಯದು ಬಂದಿದ್ದು 1985ರಲ್ಲಿ. ಶಿಗೆರು ಮಿಯಾಮೊಟೊ, ತಕಾಶಿ ತೆಜುಕಾ ಕಟ್ಟಿದ ಆಟ, ಕೊಜಿ ಕೊಂಡೊ ಸಂಗೀತ. ಇಡೀ ಆಟದ ತೂಕ 40 ಕಿಲೋಬೈಟ್. ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಬರುವ ಶುಭೋದಯದ ಚಿತ್ರವೇ ಇದಕ್ಕಿಂತ ದೊಡ್ಡದಿರುತ್ತದೆ. ಅಷ್ಟರಲ್ಲೇ 32 ಸ್ಟೇಜು ತುಂಬಬೇಕಾದ್ದರಿಂದ ಎಷ್ಟು ಜಿಪುಣತನ ಮಾಡಿದ್ದಾರೆ ಎಂದರೆ, ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ. ಮೇಲಿದ್ದರೆ ಬಿಳಿ, ಕೆಳಗಿದ್ದರೆ ಹಸಿರು. ಇದು ಗೊತ್ತಾದ ಮೇಲೆ ಒಮ್ಮೆ ಆಡಿ ನೋಡಿ, ಬೇರೇನೂ ಕಣ್ಣಿಗೆ ಬೀಳುವುದಿಲ್ಲ.

ಇದರಲ್ಲಿ ನಮ್ಮ ಹುಡುಗರು ಅರೆದು ಕುಡಿದಿದ್ದ ಜಾಗ 3-1ರ, ಅಂದರೆ ಮೂರನೇ ಲೋಕದ ಮೊದಲ ಸ್ಟೇಜಿನ, ಕೊನೆಯ ಮೆಟ್ಟಿಲು. ಇಳಿದು ಬರುವ ಆಮೆಯ ಮೇಲೆ ಸರಿಯಾದ ಹೊತ್ತಿಗೆ ಹಾರಿದರೆ ಚಿಪ್ಪು ಮೆಟ್ಟಿಲಿಗೆ ಬಡಿದು ಮತ್ತೆ ಕಾಲಡಿಗೇ ಬರುತ್ತದೆ. ಟಿಂಗ್ ಟಿಂಗ್ ಎಂದು ಲೈಫ್ ಏರುತ್ತಲೇ ಇರುತ್ತದೆ, ಆಮೇಲೆ ಅಂಕಿಯ ಜಾಗದಲ್ಲಿ ಕಿರೀಟ ಬಂದು ಕೂರುತ್ತದೆ. ಆಸೆಗೆ ಬಿದ್ದವರಿಗೆ ಅಲ್ಲೊಂದು ಬರೆ ಇತ್ತು: ಲೆಕ್ಕ 127 ದಾಟಿದರೆ ಯಂತ್ರಕ್ಕೆ ಅದು ಸೊನ್ನೆಗಿಂತ ಕಡಿಮೆ. ಮುಂದೆ ಒಂದು ಸಲ ಸತ್ತರೆ ಆಟವೇ ಮುಗಿಯಿತು.

ಎರಡನೆಯದಕ್ಕೆ ನಮ್ಮಲ್ಲಿ ಆದದ್ದು ಅನ್ಯಾಯ. ಜಪಾನಿನಲ್ಲಿ 1986ರಲ್ಲಿ ಬಂದ ಅಸಲಿ ಎರಡನೇ ಭಾಗ ವಿಪರೀತ ಕಷ್ಟವೆಂದು ಅಮೆರಿಕಕ್ಕೆ ಕಳಿಸಲಿಲ್ಲ. ಬದಲಿಗೆ ‘ದೋಕಿ ದೋಕಿ ಪ್ಯಾನಿಕ್’ ಎಂಬ 1987ರ ಇನ್ನೊಂದು ಆಟದ ಪಾತ್ರಗಳನ್ನು ತೆಗೆದು, ಮಾರಿಯೋ ಬಳಗವನ್ನು ಹಾಕಿ 1988ರಲ್ಲಿ ‘ಮಾರಿಯೋ 2’ ಎಂದು ಬಿಟ್ಟರು. ಅಂದರೆ ನಕಲಿ ಕ್ಯಾಸೆಟ್ಟಿನವರು ಮಾಡಿದ ಕೆಲಸವನ್ನೇ ಕಂಪನಿಯೂ ಮಾಡಿತ್ತು, ಹಕ್ಕು ತನ್ನದೇ ಆದ್ದರಿಂದ ಯಾರೂ ಕೇಳಲಿಲ್ಲ. ಇದರಲ್ಲಿ ಶತ್ರುವನ್ನು ತುಳಿದು ಕೊಲ್ಲುವಂತಿಲ್ಲ. ನೆಲದಿಂದ ಗೆಡ್ಡೆ ಕಿತ್ತು ಶತ್ರುವಿಗೆ ಎಸೆಯಬೇಕು. ರಜೆಯಲ್ಲಿ ಹೊಲಕ್ಕೆ ಹೋಗಿ ಮೂಲಂಗಿ ಕಿತ್ತು ಬರುತ್ತಿದ್ದ ನಮಗೆ ಅದೇ ಕೆಲಸವನ್ನು ಟಿವಿಯಲ್ಲೂ ಮಾಡುವುದರಲ್ಲಿ ಹೆಚ್ಚಿನ ಸ್ವಾರಸ್ಯ ಕಾಣಲಿಲ್ಲ. ನಾಗಮಂಗಲದ ಅಕ್ಕ ಮಾತ್ರ ಇದೇ ಚೆನ್ನ ಎನ್ನುತ್ತಾಳೆ: ಬಿಡಿಸಿಕೊಳ್ಳಲು ಕಾಯುತ್ತ ಕೂರುವ ರಾಜಕುಮಾರಿ ಇಲ್ಲಿ ತಾನೇ ಆಡುತ್ತಾಳೆ, ಉಳಿದವರಿಗಿಂತ ಹೆಚ್ಚು ಹೊತ್ತು ಗಾಳಿಯಲ್ಲಿ ತೇಲುತ್ತಾಳೆ. ಈ ವಾದಕ್ಕೆ ನಮ್ಮಲ್ಲಿ ಉತ್ತರವಿಲ್ಲ.

ಮೂರನೆಯದು, ಅದೂ ಜಪಾನಿನಲ್ಲಿ 1988ರದ್ದೇ, ಕೆಲಸಗಾರಿಕೆಯಲ್ಲಿ ಎಲ್ಲಕ್ಕಿಂತ ಮೇಲು. ಇದನ್ನು ನಮ್ಮ ಜಿಲ್ಲೆಯವರು ಬೇಗ ಹಿಡಿಯಬೇಕು, ಏಕೆಂದರೆ ಇದು ನಾಟಕ. ಶುರುವಿಗೆ ಕೆಂಪು ಪರದೆ ಏಳುತ್ತದೆ. ಹಲಗೆಗಳು ಮೇಲಿನಿಂದ ತೂಗುಬಿಟ್ಟಿವೆ, ಕೆಲವಕ್ಕೆ ಬೋಲ್ಟು ಜಡಿದಿರುವುದು ಕಾಣುತ್ತದೆ. ಹಿಂದಿನ ಆಕಾಶದ ಮೇಲೆ ಕಟ್ಟೆಗಳ ನೆರಳು ಬಿದ್ದಿದೆ. ನಿಜವಾದ ಆಕಾಶಕ್ಕೆ ನೆರಳು ಬೀಳುತ್ತದೆಯೇ? ಸ್ಟೇಜು ಮುಗಿದಾಗ ಮಾರಿಯೋ ಕತ್ತಲ ವಿಂಗ್‌ನೊಳಗೆ ಹೋಗುತ್ತಾನೆ. ಇದು ನಾಟಕವೇ ಎಂದು ಮಿಯಾಮೊಟೊ 2015ರಲ್ಲಿ ಒಪ್ಪಿಕೊಂಡರು. ‘ಕುರುಕ್ಷೇತ್ರ’ ಆಡಿಸಲು ಬಾಡಿಗೆ ಸೀನರಿ ತರಿಸಿ ರಾತ್ರಿಯಿಡೀ ಕೂರುವ ಸೀಮೆಯವರಿಗೆ ಅವರು ಹೇಳಬೇಕಾಗಿರಲಿಲ್ಲ. 1-3ರಲ್ಲಿ ಬಿಳಿ ಕಟ್ಟೆಯ ಮೇಲೆ ನಿಂತು ಕೆಳಗಿನ ಬಟನ್ ಒತ್ತಿ ಹಿಡಿದರೆ ಮಾರಿಯೋ ಸೀನರಿಯ ಹಿಂದಕ್ಕೇ ಇಳಿದುಬಿಡುತ್ತಾನೆ. ಹಾಗೇ ಓಡಿ ಹೋದರೆ ಮಾಯದ ಪೀಪಿ ಸಿಗುತ್ತದೆ. ಚಿಕ್ಕವರಿದ್ದಾಗ ಜಾತ್ರೆಯ ನಾಟಕದಲ್ಲಿ ಪರದೆ ಎತ್ತಿ ಹಿಂದೆ ನುಗ್ಗಿ, ಬೀಡಿ ಸೇದುತ್ತಿದ್ದ ದುರ್ಯೋಧನನ ಕೈಲಿ ಬೈಸಿಕೊಂಡವರಿಗೆ ಇದರ ಖುಷಿ ಬೇರೆಯೇ.

ಹಾಗಿದ್ದೂ ಗೆದ್ದದ್ದು ಒಂದನೆಯದು. ನನ್ನ ಪ್ರಕಾರ ಅದಕ್ಕೆ ಕಾರಣ ಕರೆಂಟು. ಮೂರರಲ್ಲಿ ಎಂಟು ಲೋಕ, ದೊಡ್ಡ ನಕ್ಷೆ, ಆದರೆ ಸೇವ್ ಮಾಡುವ ದಾರಿ ಇರಲಿಲ್ಲ. ಐದನೇ ಲೋಕಕ್ಕೆ ಬಂದು ಬೆವರು ಒರೆಸಿಕೊಳ್ಳುವಾಗ ಕರೆಂಟ್ ಹೋದರೆ ಮೊದಲಿನಿಂದ ಆಡಬೇಕು. ಒಂದರಲ್ಲಾದರೆ 1-2ರ ಚಾವಣಿ ಹತ್ತಿ ಓಡಿ ನಾಲ್ಕಕ್ಕೆ, 4-2ರ ಬಳ್ಳಿ ಹಿಡಿದು ಎಂಟಕ್ಕೆ: 32ರ ಬದಲು ಎಂಟೇ ಸ್ಟೇಜಿಗೆ ಆಟ ಮುಗಿಯುತ್ತದೆ. ಪಳಗಿದವರು ಐದು ನಿಮಿಷದೊಳಗೆ ಮುಗಿಸುತ್ತಾರೆ, ನಾವು ಎರಡು ಪವರ್ ಕಟ್‌ಗಳ ನಡುವೆ ಮುಗಿಸುತ್ತಿದ್ದೆವು. ಶ್ರೀರಂಗಪಟ್ಟಣದವರು ಒಪ್ಪುವುದಿಲ್ಲ, ಅವರಿಗೆ ಮೂರೇ ದೊಡ್ಡದು. ಇರಲಿ, ದೊಡ್ಡದು ಮೂರೇ. ಆದರೆ ಆಡಲು ಕೂತರೆ ನನಗೆ ಒಂದು.

ನಿಮ್ಮ ಅಟ್ಟದಲ್ಲಿ ಹಳೇ ಸೆಟ್ ಇನ್ನೂ ಇದ್ದರೆ ಒಂದು ಮಾತು. ಕ್ಯಾಸೆಟ್ಟಿಗೆ ಬಾಯಿಂದ ಊದಬೇಡಿ. ಅಂದು ಆಟ ಬರುತ್ತಿದ್ದುದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಹಾಕಿದ್ದಕ್ಕೆ. ಉಸಿರಿನ ತೇವಕ್ಕೆ ಒಳಗಿನ ತಾಮ್ರದ ಪಟ್ಟಿ ಕಿಲುಬು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಒಣಗಿದ ಮೇಲೆ ಹಾಕಿ. ಜೊತೆಗೆ ಬಂದ ಬಾತುಕೋಳಿ ಹೊಡೆಯುವ ಗನ್ ಇದ್ದರೆ ಹಳೇ ಡಬ್ಬಾ ಟಿವಿಯನ್ನು ಗುಜರಿಗೆ ಹಾಕಬೇಡಿ. ಈಗಿನ ತೆಳು ಟಿವಿಗಳಲ್ಲಿ ಆ ಗನ್ ಕೆಲಸ ಮಾಡುವುದಿಲ್ಲ.