ತಿರುಗಿಸುವ ಆಟ, ತಿರುಗುವ ಕುಣಿತ: ಟೆಟ್ರಿಸ್ ನೃತ್ಯದ ಮೂಲಕ ಕ್ರಿಯಾಪದಗಳ ಬೋಧನೆ

ವಿಡಿಯೋ ಆಟಗಳು ಮಕ್ಕಳನ್ನು ಕೂರಿಸಿಬಿಡುತ್ತವೆ ಎಂಬ ದೂರು ಸಾಮಾನ್ಯ. ಆದರೆ ಆಡುವವರನ್ನು ಎಬ್ಬಿಸಿ ಕುಣಿಸುವ ವಿಡಿಯೋ ಆಟಗಳೂ ಇವೆ. ಅವುಗಳಲ್ಲಿ ಒಂದಾದ ‘ಜಸ್ಟ್ ಡಾನ್ಸ್’ ಸರಣಿಯಲ್ಲಿ, ಚೌಕಗಳನ್ನು ಜೋಡಿಸುವ ಪ್ರಸಿದ್ಧ ಆಟ ‘ಟೆಟ್ರಿಸ್’ ಅನ್ನು ಆಧರಿಸಿದ ಒಂದು ನೃತ್ಯವಿದೆ. ಈ ನೃತ್ಯದ ರಚನೆಯನ್ನು ಪರಿಚಯಿಸಿ, ಯಾವ ಯಂತ್ರವೂ ಇಲ್ಲದೆ ಶಾಲೆಯ ಅಂಗಳದಲ್ಲಿ ಅದನ್ನು ಕನ್ನಡ ಭಾಷಾಭ್ಯಾಸಕ್ಕೆ ಹೇಗೆ ಬಳಸಬಹುದೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಟೆಟ್ರಿಸ್: ನಾಲ್ಕು ಚೌಕಗಳ ಲೋಕ

1984ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣನಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಿ ಪಜಿತ್ನೊವ್ ಈ ಆಟವನ್ನು ರಚಿಸಿದರು. ಅವರು ಬಳಸಿದ ‘ಎಲೆಕ್ಟ್ರೋನಿಕಾ 60’ ಗಣಕದಲ್ಲಿ ಚಿತ್ರ ಬಿಡಿಸುವ ಸೌಲಭ್ಯವಿರಲಿಲ್ಲ. ಆವರಣ ಚಿಹ್ನೆಗಳನ್ನು ಒತ್ತಾಗಿ ಇಟ್ಟು ಚೌಕಗಳ ರೂಪ ಕೊಡಲಾಗಿತ್ತು. ನಾಲ್ಕು ಎಂಬ ಅರ್ಥದ ಗ್ರೀಕ್ ಪದ ‘ಟೆಟ್ರಾ’ ಮತ್ತು ಅವರ ಮೆಚ್ಚಿನ ಆಟ ಟೆನಿಸ್ ಸೇರಿ ‘ಟೆಟ್ರಿಸ್’ ಎಂಬ ಹೆಸರಾಯಿತು. 1989ರಲ್ಲಿ ನಿಂಟೆಂಡೊ ಕಂಪನಿಯ ‘ಗೇಮ್ ಬಾಯ್’ ಎಂಬ ಕೈಯಂತ್ರದ ಜೊತೆಗೆ ಅದು ಲೋಕದಾದ್ಯಂತ ಹರಡಿತು.

ಆಟದ ನಿಯಮ ಸರಳ. ಹತ್ತು ಚೌಕ ಅಗಲ, ಇಪ್ಪತ್ತು ಚೌಕ ಎತ್ತರದ ಅಂಕಣದೊಳಗೆ ಮೇಲಿನಿಂದ ಒಂದೊಂದೇ ತುಂಡು ಇಳಿಯುತ್ತದೆ. ಪ್ರತಿ ತುಂಡಿನಲ್ಲೂ ನಾಲ್ಕು ಚೌಕಗಳು. ತುಂಡುಗಳ ಆಕಾರಗಳು ಒಟ್ಟು ಏಳು. ಆಟಗಾರನು ತುಂಡನ್ನು ಎಡಕ್ಕೋ ಬಲಕ್ಕೋ ಸರಿಸಬಹುದು, ತಿರುಗಿಸಬಹುದು, ಬೇಗ ಇಳಿಸಬಹುದು. ಅಡ್ಡಸಾಲೊಂದು ಸಂದಿಲ್ಲದೆ ತುಂಬಿದರೆ ಆ ಸಾಲು ಅಳಿಯುತ್ತದೆ. ತುಂಡುಗಳ ರಾಶಿ ಮೇಲಿನ ಅಂಚನ್ನು ಮುಟ್ಟಿದರೆ ಆಟ ಮುಗಿಯುತ್ತದೆ.

ಆಟ ನೃತ್ಯವಾದ ಬಗೆ

‘ಜಸ್ಟ್ ಡಾನ್ಸ್’ ಸರಣಿಯನ್ನು ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2009ರಲ್ಲಿ ಆರಂಭಿಸಿತು. ಟೆಟ್ರಿಸ್‌ಗೆ ಮೂವತ್ತು ವರ್ಷ ತುಂಬಿದ 2014ರಲ್ಲಿ ಬಿಡುಗಡೆಯಾದ ‘ಜಸ್ಟ್ ಡಾನ್ಸ್ 2015’ರಲ್ಲಿ ಟೆಟ್ರಿಸ್ ನೃತ್ಯವಿದೆ. ಅದರ ರಾಗ ಗೇಮ್ ಬಾಯ್‌ ಆವೃತ್ತಿಯಿಂದ ಜನಪ್ರಿಯವಾದ ‘ಕೊರೊಬೆಯ್ನಿಕಿ’ ಎಂಬ ರಷ್ಯನ್ ಜಾನಪದ ಗೀತೆಯದು; ಊರೂರು ಅಲೆದು ಸರಕು ಮಾರುವವರ ಕುರಿತು ಕವಿ ನೆಕ್ರಾಸೊವ್ 1861ರಲ್ಲಿ ಬರೆದ ಕವಿತೆ ಆ ಗೀತೆಯ ಮೂಲ. ಪರದೆಯ ಮೇಲೆ ನಾಲ್ವರು ನರ್ತಕರು ಕುಣಿಯುತ್ತಾರೆ. ನಾಲ್ಕು ಚೌಕ ಸೇರಿ ಒಂದು ತುಂಡು ಆಗುವಂತೆ ನಾಲ್ವರು ಸೇರಿ ಒಂದು ತಂಡ.

ಈ ಸರಣಿಯ ಕಲಿಸುವ ಕ್ರಮ ಶಿಕ್ಷಕರ ಗಮನಕ್ಕೆ ಅರ್ಹವಾದುದು. ನರ್ತಕನು ಆಟಗಾರನಿಗೆ ಕನ್ನಡಿಯಂತೆ ಎದುರು ನಿಲ್ಲುತ್ತಾನೆ. ಪರದೆಯ ಬಲಭಾಗದ ಕೈ ಮೇಲೆದ್ದರೆ ಆಟಗಾರನೂ ಬಲಗೈ ಎತ್ತಬೇಕು. ಪರದೆಯ ಕೆಳಭಾಗದಲ್ಲಿ ಚಿಕ್ಕ ಮನುಷ್ಯಾಕೃತಿಗಳ ಚಿತ್ರಸಂಕೇತಗಳು ಸಾಗಿಬಂದು ಮುಂದಿನ ಚಲನೆಯನ್ನು ಮೊದಲೇ ಸೂಚಿಸುತ್ತವೆ. ಹೆಜ್ಜೆಯನ್ನು ವಿವರಿಸುವ ಮಾತು ಮಾತ್ರ ಇಲ್ಲ. ಆದುದರಿಂದಲೇ ಯಾವ ದೇಶದ ಮಗುವಾದರೂ ಇದನ್ನು ಆಡಬಲ್ಲದು. ಮಾತಿಗೆ ಬಿಟ್ಟಿರುವ ಆ ಬರಿಯ ಜಾಗವನ್ನು ಭಾಷಾಶಿಕ್ಷಕರು ತುಂಬಬಹುದು.

‘ತಿರುಗಿಸು’ ಮತ್ತು ‘ತಿರುಗು’

ಗಡಿಯಾಚೆಯ ಕನ್ನಡ ಶಾಲೆಯ ಮಗು ಪಾಠವನ್ನು ಕನ್ನಡದಲ್ಲಿ ಓದಿದರೂ ಆಟವನ್ನು ಹಲವೊಮ್ಮೆ ನೆರೆಭಾಷೆಯಲ್ಲಿ ಆಡುತ್ತದೆ. ಹೀಗಾದಾಗ ನಾಮಪದಗಳು ಪುಸ್ತಕದಿಂದ ದೊರೆಯುತ್ತವೆ. ಓಡುವ, ಬಾಗುವ, ಸರಿಯುವ, ಹೊರಳುವ ಕ್ರಿಯಾಪದಗಳು ದೇಹಕ್ಕೆ ಅಂಟದೆ ಉಳಿಯುತ್ತವೆ. ಟೆಟ್ರಿಸ್ ಮತ್ತು ಟೆಟ್ರಿಸ್ ನೃತ್ಯಗಳನ್ನು ಜೊತೆಗಿಟ್ಟು ನೋಡಿದರೆ ಈ ಕೊರತೆಯನ್ನು ತುಂಬುವ ಮಾರ್ಗವೊಂದು ಕಾಣುತ್ತದೆ.

ಟೆಟ್ರಿಸ್‌ನಲ್ಲಿ ಮಗು ತುಂಡನ್ನು ತಿರುಗಿಸುತ್ತದೆ; ನೃತ್ಯದಲ್ಲಿ ಮಗು ತಾನೇ ತಿರುಗುತ್ತದೆ. ವ್ಯಾಕರಣ ಪಾಠದಲ್ಲಿ ಸಕರ್ಮಕ, ಅಕರ್ಮಕ, ಪ್ರೇರಣಾರ್ಥಕ ಎಂದು ಹೇಳಿಕೊಡುವ ಭೇದ ಇಲ್ಲಿ ಕಣ್ಣಿಗೆ ಕಾಣುವ ಭೇದವಾಗುತ್ತದೆ. ತಿರುಗು–ತಿರುಗಿಸು, ಸರಿ–ಸರಿಸು, ಇಳಿ–ಇಳಿಸು, ಬೀಳು–ಬೀಳಿಸು, ನಿಲ್ಲು–ನಿಲ್ಲಿಸು, ಕೂಡು–ಕೂಡಿಸು, ಅಳಿ–ಅಳಿಸು: ಆಟಕ್ಕೆ ಬೇಕಾದ ಪದಗಳೆಲ್ಲ ಇಂತಹ ಜೋಡಿಗಳೇ.

ಅಂಗಳದಲ್ಲಿ ಚಟುವಟಿಕೆ

ಸುಣ್ಣದ ಪುಡಿಯಿಂದ ಅಥವಾ ಸೀಮೆಸುಣ್ಣದಿಂದ ಚೌಕಗಳ ಅಂಕಣ ಬರೆಯಿರಿ. ಒಂದು ಚೌಕದಲ್ಲಿ ಒಂದು ಮಗು ನಿಲ್ಲುವಷ್ಟು ಜಾಗವಿರಲಿ.

1. ನಾಲ್ವರ ತಂಡಗಳು ಏಳು ಆಕಾರಗಳಲ್ಲಿ ಒಂದೊಂದನ್ನು ರಚಿಸಲಿ. ಆಕಾರಗಳಿಗೆ ಮಕ್ಕಳೇ ಕನ್ನಡದ ಹೆಸರಿಡಲಿ. ನೇರ ಸಾಲು ‘ಕೋಲು’, ಎರಡೆರಡರ ಚೌಕ ‘ಮಣೆ’, ಮೂರರ ಸಾಲಿನ ನಡುವೆ ಒಂದು ಮುಂದೆ ಚಾಚಿದ್ದು ‘ಮೂಗು’, ಮೂರರ ಸಾಲಿನ ತುದಿಯಲ್ಲಿ ಒಂದು ಪಕ್ಕಕ್ಕೆ ತಿರುಗಿದ್ದು ‘ಕೊಕ್ಕೆ’, ಎರಡೆರಡು ಚೌಕ ಜಾರಿ ನಿಂತದ್ದು ‘ಮೆಟ್ಟಿಲು’ ಎನ್ನಬಹುದು. ಕೊಕ್ಕೆ ಮತ್ತು ಮೆಟ್ಟಿಲುಗಳಲ್ಲಿ ಎಡ-ಬಲವೆಂದು ಎರಡೆರಡು ಬಗೆ.

2. ಸೂತ್ರಧಾರನಾದ ಮಗು ಆಟಗಾರನಿಗೆ “ಕೊಕ್ಕೆಯನ್ನು ಬಲಕ್ಕೆ ತಿರುಗಿಸು” ಎನ್ನಲಿ. ಆಟಗಾರನು ತಂಡಕ್ಕೆ “ಬಲಕ್ಕೆ ತಿರುಗಿರಿ” ಎನ್ನಲಿ. ತಂಡವು ಎಂಟು ಎಣಿಕೆಯೊಳಗೆ ಕಾಲು ಸುತ್ತು ತಿರುಗಿ, “ನಾವು ತಿರುಗಿದೆವು” ಎಂದು ವರದಿ ಮಾಡಲಿ. ಆಟಗಾರನು “ನಾನು ತಿರುಗಿಸಿದೆನು” ಎನ್ನಲಿ. ಒಂದೇ ಚಲನೆಯಲ್ಲಿ ಆಜ್ಞಾರ್ಥ, ಭೂತಕಾಲ, ಏಕವಚನ, ಬಹುವಚನಗಳು ಬಂದು ಹೋಗುತ್ತವೆ. ತಿರುಗುವಾಗ ಒಬ್ಬರು ನಿಂತಲ್ಲೇ ತಿರುಗಬೇಕು, ಅಂಚಿನವರು ದೂರ ನಡೆಯಬೇಕು. ಅದಕ್ಕಾಗಿ ಮಕ್ಕಳು ತಮ್ಮತಮ್ಮಲ್ಲಿ ಮಾತನಾಡಲೇಬೇಕಾಗುತ್ತದೆ.

3. ಪ್ರತಿ ತಂಡವೂ ತನ್ನ ಚಲನೆಗಳನ್ನು ರಟ್ಟಿನ ಪಟ್ಟಿಯ ಮೇಲೆ ಚಿತ್ರಸಂಕೇತಗಳಾಗಿ ಬರೆದು, ಕೆಳಗೆ ಕ್ರಿಯಾಪದ ನಮೂದಿಸಲಿ. ಇನ್ನೊಂದು ತಂಡ ಆ ಪಟ್ಟಿಯನ್ನು ಓದಿ ಕುಣಿಯಲಿ. ಮಕ್ಕಳಿಗೆ ತಿಳಿದ ಕೋಲಾಟದ ಅಥವಾ ಸ್ಥಳೀಯ ಕುಣಿತದ ಲಯ ಸಾಕು, ಧ್ವನಿಯಂತ್ರ ಬೇಕಿಲ್ಲ.

ನೆರೆಭಾಷೆಯನ್ನು ಏಣಿಯಾಗಿಸುವುದು

ಆಟದ ಭರದಲ್ಲಿ ನೆರೆಭಾಷೆಯ ಪದ ಬಾಯಿಗೆ ಬಂದರೆ ಮಗುವನ್ನು ಗದರಿಸಬಾರದು. ಆ ಪದವನ್ನು ಹಲಗೆಯ ಮೇಲೆ ಬರೆದು ಅದರ ಪಕ್ಕದಲ್ಲಿ ಕನ್ನಡ ಪದವನ್ನಿಡಬೇಕು. ತಮಿಳಿನ ತಿರುಂಬು–ತಿರುಪ್ಪು, ಮಲಯಾಳದ ತಿರಿಯುಕ–ತಿರಿಕ್ಕುಕ, ತೆಲುಗಿನ ತಿರುಗು–ತಿಪ್ಪು ಇವೆಲ್ಲ ಕನ್ನಡದ ತಿರುಗು–ತಿರುಗಿಸುವಿನ ನೆಂಟರು. ಮರಾಠಿಯ ಫಿರಣೇ–ಫಿರವಣೇ ಬೇರೆ ಕುಟುಂಬದ್ದಾದರೂ ಅದೇ ಭೇದವನ್ನು ತೋರುತ್ತದೆ. ಕನ್ನಡದ ಎಡ-ಬಲ ತಮಿಳು, ಮಲಯಾಳಗಳಲ್ಲಿ ಇಡ-ವಲ ಎಂದಾಗುವುದನ್ನು ಗಮನಿಸಿದ ಮಗು, ಎರಡೂ ಭಾಷೆಗಳನ್ನು ಬಲ್ಲುದು ತನಗೊಂದು ಸಂಪತ್ತೆಂದು ತಿಳಿಯುತ್ತದೆ.

ಕನ್ನಡಿ ಮತ್ತು ಗಣಿತ

ಟೆಟ್ರಿಸ್‌ನಲ್ಲಿ ತುಂಡನ್ನು ತಿರುಗಿಸಬಹುದೇ ಹೊರತು ಮಗುಚಿಹಾಕುವಂತಿಲ್ಲ. ಆದ್ದರಿಂದ ಎಡಗೊಕ್ಕೆ ಎಷ್ಟು ತಿರುಗಿದರೂ ಬಲಗೊಕ್ಕೆಯಾಗದು; ಕನ್ನಡಿಯಲ್ಲಿ ಮಾತ್ರ ಆಗುತ್ತದೆ. ಎರಡು ತಂಡಗಳು ಎದುರುಬದುರು ನಿಂತು, ಒಂದು ಇನ್ನೊಂದರ ಕನ್ನಡಿಯಂತೆ ಕುಣಿದಾಗ ಭ್ರಮಣ ಮತ್ತು ಪ್ರತಿಬಿಂಬಗಳ ಭೇದ ಸ್ಪಷ್ಟವಾಗುತ್ತದೆ.

ಮೇಲಿನ ತರಗತಿಯವರಿಗೆ ಒಂದು ಸಮಸ್ಯೆ: ಏಳು ತುಂಡುಗಳನ್ನು ಒಂದೊಂದು ಬಾರಿ ಬಳಸಿ, 28 ಚೌಕಗಳ 4×7 ಆಯತವನ್ನು ತುಂಬಲು ಸಾಧ್ಯವೇ? ಆಯತಕ್ಕೆ ಚದುರಂಗದ ಮಣೆಯಂತೆ ಕಪ್ಪು-ಬಿಳುಪು ಹಚ್ಚಿದರೆ 14 ಕಪ್ಪು, 14 ಬಿಳಿ ಚೌಕಗಳಾಗುತ್ತವೆ. ಆರು ತುಂಡುಗಳು ಎರಡೆರಡನ್ನು ಮುಚ್ಚುತ್ತವೆ. ‘ಮೂಗು’ ಮಾತ್ರ ಒಂದು ಬಣ್ಣದ ಮೂರನ್ನು, ಇನ್ನೊಂದರ ಒಂದನ್ನು ಮುಚ್ಚುತ್ತದೆ. ಒಟ್ಟು 15 ಮತ್ತು 13 ಆಗುವುದರಿಂದ ಅದು ಅಸಾಧ್ಯ. ಮಕ್ಕಳು ಮೊದಲು ನಿಂತು ಪ್ರಯತ್ನಿಸಲಿ, ಬಳಿಕ ಕಾರಣವನ್ನು ತಮ್ಮ ಮಾತಿನಲ್ಲಿ ಬರೆಯಲಿ.

ಮೌಲ್ಯಮಾಪನ

ಹಲವು ಯಂತ್ರಗಳಲ್ಲಿ ‘ಜಸ್ಟ್ ಡಾನ್ಸ್’ ಅಂಕ ಕೊಡುವುದು ಕೈಯಲ್ಲಿ ಹಿಡಿದ ರಿಮೋಟಿನ ಚಲನೆಗೆ ಮಾತ್ರ. ಕಾಲಿನ ಹೆಜ್ಜೆ ಅದಕ್ಕೆ ಕಾಣದು. ಶಿಕ್ಷಕರ ಕಣ್ಣಿಗೆ ಆ ಮಿತಿಯಿಲ್ಲ. ಸೂಚನೆ ಕೇಳಿ ಸರಿಯಾಗಿ ಚಲಿಸಿತೇ, ತಾನೇ ಸೂಚನೆ ಕೊಡಬಲ್ಲದೇ, ಮಾಡಿದ್ದನ್ನು ‘ತಿರುಗಿದೆ’, ‘ತಿರುಗಿಸಿದೆ’ ಎಂದು ಬೇರ್ಪಡಿಸಿ ಹೇಳಬಲ್ಲದೇ ಎಂಬ ಮೂರನ್ನು ಪ್ರತಿ ಮಗುವಿನಲ್ಲೂ ಗುರುತಿಸಿ. ಕುಣಿಯಲು ಕಷ್ಟವಿರುವ ಮಗುವಿಗೆ ಸೂತ್ರಧಾರನ ಪಾತ್ರ ಕೊಡಿ. ಹೆಚ್ಚು ಮಾತು ಬೇಡುವುದು ಆ ಪಾತ್ರವೇ. ಚಟುವಟಿಕೆ ಮುಗಿದ ಮೇಲೆ, ಬಿಡುವಿನ ವೇಳೆಯ ಆಟದಲ್ಲಿ ಮಕ್ಕಳು ಈ ಪದಗಳನ್ನು ತಾವಾಗಿಯೇ ಬಳಸುತ್ತಾರೆಯೇ ಎಂಬುದನ್ನೂ ಗಮನಿಸಿ. ಪಾಠದ ಫಲವನ್ನು ಅಲ್ಲಿ ಕಾಣಬಹುದು.