ಬಂಡೆಯಲ್ಲಿ ಕೊರೆದ ತೂತು, ಅದರೊಳಗೆ ಒಂದು ಬೋಲ್ಟ್

ಇವತ್ತಿನ ವಿಷಯ ಕೇಳಿದ ತಕ್ಷಣ 'ಇದೇನು, ಜೀವವಿಜ್ಞಾನದವರು ಹಾರ್ಡ್‌ವೇರ್ ಅಂಗಡಿ ತೆರೆದರಾ?' ಅಂತ ನಿಮಗೆ ಅನ್ನಿಸಬಹುದು. ಬಂಡೆಯಲ್ಲಿ ತೂತು ಕೊರೆದು ಕೂರಿಸಿದ ಬೋಲ್ಟ್ ಅಲ್ಲಾಡದೆ ನಿಲ್ಲೋದು ಹೇಗೆ, ಕೆಲವೊಮ್ಮೆ ಕಿತ್ತುಬರೋದು ಯಾಕೆ, ಇದು ಇವತ್ತಿನ ಮಾತು. ನಮ್ಮಂಥವರಿಗೂ ಈ ಬೋಲ್ಟಿಗೂ ಏನು ಸಂಬಂಧ ಅನ್ನೋದನ್ನ ಮೊದಲು ನೋಡೋಣ.

ಕಡಲತೀರದ ಬಂಡೆಗಳ ಮೇಲೆ ಬದುಕುವ ಜೀವಿಗಳನ್ನೋ ಹವಳದ ದಿಬ್ಬಗಳನ್ನೋ ಅಧ್ಯಯನ ಮಾಡುವವರಿಗೆ ಒಂದು ದೊಡ್ಡ ತೊಂದರೆ ಇದೆ. ಒಂದು ಚದರ ಮೀಟರ್ ಜಾಗದಲ್ಲಿ ಯಾವ ಜೀವಿ ಬಂತು, ಯಾವುದು ಸತ್ತಿತು ಅಂತ ತಿಳಿಯಬೇಕಾದರೆ ವರ್ಷ ವರ್ಷವೂ ಅದೇ ಚದರ ಮೀಟರಿಗೆ ಮರಳಬೇಕು. ಜೋಸೆಫ್ ಕೊನೆಲ್ ಎಂಬ ಪರಿಸರ ವಿಜ್ಞಾನಿ 1960ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಹೆರಾನ್ ದ್ವೀಪದ ಹವಳದ ದಿಬ್ಬದಲ್ಲಿ ಕೆಲವು ಚೌಕಗಳನ್ನು ಗುರುತು ಮಾಡಿಕೊಂಡರು. ಮೂವತ್ತು ವರ್ಷ ಅದೇ ಚೌಕಗಳನ್ನು ನೋಡುತ್ತಾ ಬಂದರು. ಹವಳಗಳು ಚಂಡಮಾರುತಕ್ಕೆ ಸಿಕ್ಕಿ ನಾಶವಾಗುವುದು, ಮತ್ತೆ ಚಿಗುರುವುದು ಇವೆಲ್ಲ ಅಂಥ ದೀರ್ಘ ಅಧ್ಯಯನದಿಂದಲೇ ಅರ್ಥವಾದದ್ದು. ಇಂಥ ಚೌಕಗಳ ಮೂಲೆಯನ್ನು ಗುರುತಿಸಲು ಬಂಡೆಯಲ್ಲಿ ಕೂರಿಸಿದ ಬೋಲ್ಟ್‌ಗಿಂತ ಒಳ್ಳೆಯ ಉಪಾಯ ಕಡಿಮೆ. ಜಿಪಿಎಸ್ ನಿಮ್ಮನ್ನು ಬಂಡೆಯ ಹತ್ತಿರ ತಂದು ಬಿಡುತ್ತದೆ, ಸೆಂಟಿಮೀಟರ್ ಲೆಕ್ಕಕ್ಕೆ ಬೋಲ್ಟೇ ಬೇಕು. ಅಲೆ ಹೊಡೆದು ಬೋಲ್ಟ್ ಹೋಯಿತೋ, ಆ ಚೌಕದ ಹತ್ತಿಪ್ಪತ್ತು ವರ್ಷದ ದಾಖಲೆಯ ಎಳೆಯೂ ಅಲ್ಲಿಗೆ ತುಂಡಾಯಿತು.

ಈಗ ತೂತಿನೊಳಗೆ ಹೋಗೋಣ. ಬೋಲ್ಟನ್ನು ಬಂಡೆ ಹಿಡಿದುಕೊಳ್ಳುವುದು ಮುಖ್ಯವಾಗಿ ಮೂರು ರೀತಿಯಲ್ಲಿ. ಒಂದು, ಬೋಲ್ಟ್ ಒಳಗೆ ಹಿಗ್ಗಿ ಗೋಡೆಯನ್ನು ಒತ್ತುವುದು. ಎರಡು, ತೂತಿನ ತಳವನ್ನು ಬಾಯಿಗಿಂತ ಅಗಲವಾಗಿ ಕೊರೆದು, ಬೋಲ್ಟಿನ ತುದಿ ಅಲ್ಲಿ ಕೊಕ್ಕೆಯ ಹಾಗೆ ಸಿಕ್ಕಿಕೊಳ್ಳುವಂತೆ ಮಾಡುವುದು. ಮೂರು, ಅಂಟು ಅಥವಾ ಗಾರೆ ಹಾಕಿ ಬಂಡೆಗೇ ಬೆಸೆಯುವುದು.

ಮೊದಲನೆಯದು ನಮ್ಮೂರಿನ ಕಲ್ಲುಕುಟಿಗರಿಗೆ ಹೊಸದೇನಲ್ಲ. ಹಂಪಿಗೆ ಹೋದವರು ಗಮನಿಸಿರಬಹುದು, ಕೆಲವು ಬಂಡೆಗಳ ಅಂಚಿನಲ್ಲಿ ಅಂಚೆ ಚೀಟಿಯ ಅಂಚಿನ ಹಾಗೆ ಸಾಲಾಗಿ ಕುಳಿಗಳಿವೆ. ಸಾಲಾಗಿ ಕುಳಿ ತೋಡಿ, ಬೆಣೆ ಇಟ್ಟು, ಆ ಗೆರೆಯುದ್ದಕ್ಕೂ ಬಂಡೆ ಸೀಳುತ್ತಿದ್ದ ಗುರುತು ಅವು. ಕಲ್ಲಿನ ಗುಣವೇ ಹಾಗೆ. ಅದುಮಿದರೆ ಬೆಟ್ಟದಷ್ಟು ಭಾರ ತಡೆಯುತ್ತದೆ, ಎಳೆದರೆ ಸುಲಭವಾಗಿ ಸೀಳುತ್ತದೆ. ಹಿಗ್ಗುವ ಬೋಲ್ಟಿನ ತುದಿಯಲ್ಲೂ ಒಂದು ಬೆಣೆ ಇದೆ. ನಟ್ ತಿರುಗಿಸಿದಂತೆ ಬೋಲ್ಟಿನ ಶಂಕುವಿನಾಕಾರದ ತುದಿ ಮೇಲಕ್ಕೆ ಬಂದು, ಸುತ್ತಲಿನ ತಗಡಿನ ಪಟ್ಟಿಯನ್ನು ಅಗಲಿಸಿ, ಗೋಡೆಗೆ ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಬೋಲ್ಟನ್ನು ಹಿಡಿದಿಡುವುದು. ಅಂದರೆ ಬಂಡೆ ಸೀಳುವ ಉಪಾಯವನ್ನೇ, ಸೀಳುವ ಮೊದಲು ನಿಲ್ಲಿಸಿದ್ದೇವೆ ಅಷ್ಟೇ.

ಇದು ಅರ್ಥವಾದರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಬರುತ್ತವೆ. ಬಂಡೆಯ ಅಂಚಿಗೆ ಹತ್ತಿರ ಕೊರೆಯಬಾರದು, ಅಂಚು ಸಿಡಿಯುತ್ತದೆ. ಎರಡು ಬೋಲ್ಟ್‌ಗಳನ್ನು ಅಕ್ಕಪಕ್ಕ ಇಡಬಾರದು, ಇಲ್ಲದಿದ್ದರೆ ಹಂಪಿಯ ಕುಳಿಗಳ ಸಾಲನ್ನು ನಾವೇ ಶುರು ಮಾಡಿದ ಹಾಗಾಗುತ್ತದೆ. 'ಇನ್ನೊಂದು ಸುತ್ತು ಇರಲಿ' ಅಂತ ನಟ್ ಅತಿಯಾಗಿ ಬಿಗಿಯಬಾರದು. ತಯಾರಕರು ಹೇಳಿದಷ್ಟು ಟಾರ್ಕ್, ಅಳತೆ ತೋರಿಸುವ ಸ್ಪ್ಯಾನರ್‌ನಲ್ಲಿ ಅಷ್ಟೇ. ರಾಮನಗರದ ಗ್ರಾನೈಟಿನಂಥ ಗಟ್ಟಿ ಕಲ್ಲಿನಲ್ಲಿ ಹಿಗ್ಗುವ ಬೋಲ್ಟ್ ಚೆನ್ನಾಗಿ ಕೂರುತ್ತದೆ. ಬಾದಾಮಿಯ ಬಂಡೆ ಮರಳುಗಲ್ಲು. ಮರಳುಗಲ್ಲು ಮೆತ್ತಗಿದ್ದ ಕಡೆ ಬೆಣೆ ಒತ್ತಿದರೆ ಗೋಡೆಯೇ ಪುಡಿಯಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಅಂಥ ಕಲ್ಲಿಗೆ ಉದ್ದನೆಯ, ಅಂಟಿನ ಬೋಲ್ಟ್ ಸಾಮಾನ್ಯವಾಗಿ ವಾಸಿ.

ಆಳಕ್ಕೂ ಒಂದು ಲೆಕ್ಕ ಇದೆ. ಗಿಡ್ಡ ಬೋಲ್ಟನ್ನು ಜೋರಾಗಿ ಎಳೆದರೆ ಬಹಳ ಸಲ ಅದು ಒಂಟಿಯಾಗಿ ಬರುವುದಿಲ್ಲ, ತನ್ನ ಸುತ್ತಲಿನ ಕಾಂಕ್ರೀಟನ್ನು ಲಾಳಿಕೆಯ ಆಕಾರದಲ್ಲಿ ಕಿತ್ತುಕೊಂಡು ಬರುತ್ತದೆ. ಆಳ ಹೆಚ್ಚಿದಷ್ಟೂ ಆ ಲಾಳಿಕೆ ಎಲ್ಲ ಕಡೆಗೂ ದೊಡ್ಡದಾಗುತ್ತದೆ. ಹಾಗಾಗಿ ಕಾಂಕ್ರೀಟಿನಲ್ಲಿ ಆಳ ಎರಡು ಪಟ್ಟಾದರೆ ಈ ಬಗೆಯ ತಡೆಯುವ ಬಲ ಎರಡಲ್ಲ, ಸುಮಾರು 2.8 ಪಟ್ಟಾಗುತ್ತದೆ.

ಇನ್ನು ಅಂಟು. ಒಂದು ಸರಳ ಲೆಕ್ಕ ಮಾಡೋಣ. 14 ಮಿ.ಮೀ. ಅಗಲ, 100 ಮಿ.ಮೀ. ಆಳದ ತೂತು. ಅದರ ಒಳಗೋಡೆಯ ವಿಸ್ತೀರ್ಣ ಸುಮಾರು 4,400 ಚದರ ಮಿ.ಮೀ. ಪ್ರತಿ ಚದರ ಮಿ.ಮೀ.ಗೆ ಅಂಟು 10 ನ್ಯೂಟನ್ ತಡೆಯುತ್ತದೆ ಅಂತ ಇಟ್ಟುಕೊಂಡರೆ ಒಟ್ಟು 44,000 ನ್ಯೂಟನ್, ಅಂದರೆ ಸುಮಾರು ನಾಲ್ಕೂವರೆ ಟನ್ ತೂಕ. ಹೆಬ್ಬೆರಳಿಗಿಂತ ಸಣ್ಣ ಬೋಲ್ಟಿಗೆ ಇದು ಬಹಳ ಆಯಿತು. ಆದರೆ ಇದರಲ್ಲಿ ಒಂದು ಷರತ್ತು ಅಡಗಿದೆ: ಅಂಟು ಬಂಡೆಗೆ ಅಂಟಿರಬೇಕು. ಕೊರೆದ ತೂತಿನ ಗೋಡೆಗೆ ಹಿಟ್ಟಿನಂಥ ಕಲ್ಲುಪುಡಿ ಮೆತ್ತಿಕೊಂಡಿರುತ್ತದೆ. ಹಾಗೇ ಬಿಟ್ಟು ಅಂಟು ಸುರಿದರೆ ಅದು ಪುಡಿಗೆ ಅಂಟುತ್ತದೆ, ಬಂಡೆಗಲ್ಲ. ಹಿಟ್ಟು ಉದುರಿಸಿದ ಮಣೆಗೆ ಚಪಾತಿ ಅಂಟುವುದಿಲ್ಲವಲ್ಲ, ಹಾಗೆ. ಶುಚಿ ಮಾಡದ ತೂತಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಲ ಹೋಗಿಬಿಡಬಹುದು, ಹೊರಗಿನಿಂದ ನೋಡಿದವರಿಗೆ ಮಾತ್ರ ಗೊತ್ತೇ ಆಗುವುದಿಲ್ಲ.

ಈ ಪಾಠವನ್ನು ಪಚ್ಚಿಲೆ, ಅಂದರೆ ನೀಲಿಕಲ್ಲು, ನಮಗಿಂತ ಎಷ್ಟೋ ಮೊದಲೇ ಕಲಿತಿದೆ. ಕರಾವಳಿಯವರಿಗೆ ಈ ಚಿಪ್ಪುಜೀವಿ ಚೆನ್ನಾಗಿ ಗೊತ್ತು. ಅಲೆ ಬಡಿಯುವ ಬಂಡೆಗೆ ಅದು ದಾರದಂಥ ಎಳೆಗಳಿಂದ ಕಟ್ಟಿಕೊಂಡಿರುತ್ತದೆ. ಪ್ರತಿ ಎಳೆಯ ತುದಿಯಲ್ಲಿ ಒಂದು ಅಂಟಿನ ಬಿಲ್ಲೆ. ಎಳೆ ಹಾಕುವ ಮೊದಲು ಅದು ತನ್ನ ಪಾದದಿಂದ ಕಲ್ಲನ್ನು ತಡವಿ ಉಜ್ಜುತ್ತದೆ, ಪಾದವನ್ನು ಒತ್ತಿ ಅಡಿಯಲ್ಲಿ ಪುಟ್ಟ ಗೂಡು ಮಾಡಿ, ಅದರೊಳಗೆ ಅಂಟು ಬಿಡುತ್ತದೆ. ಆ ಅಂಟಿನ ಪ್ರೋಟೀನುಗಳಲ್ಲಿ ಡೋಪಾ ಎಂಬ ಅಮೈನೋ ಆಮ್ಲ ಹೇರಳವಾಗಿದೆ ಅಂತ ಹರ್ಬರ್ಟ್ ವೇಟ್ ಎಂಬ ವಿಜ್ಞಾನಿ ಮತ್ತು ಸಹೋದ್ಯೋಗಿ 1981ರಲ್ಲಿ ತೋರಿಸಿದರು. ಒದ್ದೆ ಕಲ್ಲಿಗೂ ಅಂಟುವ ಶಕ್ತಿಗೆ ಇದು ಒಂದು ಮುಖ್ಯ ಕಾರಣ. ಅಂಟಿನ ರಸಾಯನ ಎಷ್ಟೇ ಚೆನ್ನಾಗಿರಲಿ, ಮೊದಲ ಹೆಜ್ಜೆ ಜಾಗ ಶುಚಿ ಮಾಡುವುದೇ.

ಹಾಗಾದರೆ ಅಂಟಿನ ಬೋಲ್ಟ್ ಕೂರಿಸುವ ಕ್ರಮ ಏನು? ಮೊದಲು ಸುತ್ತಿಗೆಯಿಂದ ಬಂಡೆಯನ್ನು ಬಡಿದು ಕೇಳಬೇಕು, ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ. ಖಣಖಣ ಅಂದರೆ ಸರಿ, ಬೊಳ್ಳು ಸದ್ದು ಬಂದರೆ ಒಳಗೆ ಬಿರುಕೋ ಪದರ ಬಿಟ್ಟುಕೊಂಡದ್ದೋ ಇರಬಹುದು, ಜಾಗ ಬದಲಿಸಿ. ಆಮೇಲೆ ಹೇಳಿದ ಅಗಲ, ಹೇಳಿದ ಆಳ ಕೊರೆಯಿರಿ. ತೂತಿನ ತಳದಿಂದ ಗಾಳಿ ಊದಿ, ಬ್ರಷ್ ಹಾಕಿ ಉಜ್ಜಿ, ಮತ್ತೆ ಊದಿ. ಪುಡಿ ಬರುವುದು ನಿಲ್ಲುವವರೆಗೆ ಇದನ್ನೇ ಮಾಡಿ. ಮುಖಕ್ಕೆ ಕನ್ನಡಕ, ಮಾಸ್ಕ್ ಇರಲಿ, ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎರಡು ಭಾಗದ ಅಂಟು ನಳಿಕೆಯಲ್ಲಿ ಬೆರೆತು ಒಂದೇ ಬಣ್ಣಕ್ಕೆ ಬರುವ ತನಕ ಮೊದಲು ಬಂದದ್ದನ್ನು ಚೆಲ್ಲಿಬಿಡಿ. ನಳಿಕೆಯನ್ನು ತಳಕ್ಕೆ ಮುಟ್ಟಿಸಿ, ಕೆಳಗಿನಿಂದ ಮೇಲಕ್ಕೆ ತುಂಬಿ, ಇಲ್ಲದಿದ್ದರೆ ಗಾಳಿ ಒಳಗೇ ಉಳಿಯುತ್ತದೆ. ಬೋಲ್ಟನ್ನು ನಿಧಾನವಾಗಿ ತಿರುಗಿಸುತ್ತಾ ಒತ್ತಿ. ಅಂಟು ಸ್ವಲ್ಪ ಹೊರಗೆ ಉಕ್ಕಿದರೆ ತೂತು ತುಂಬಿದೆ ಅಂತ ಅರ್ಥ. ಆಮೇಲೆ ಕಷ್ಟದ ಕೆಲಸ: ಮುಟ್ಟದೆ ಕಾಯುವುದು. ಚಳಿಯಲ್ಲಿ ಅಂಟು ಗಟ್ಟಿಯಾಗಲು ಹೆಚ್ಚು ಹೊತ್ತು ಬೇಕು.

ಇಷ್ಟೆಲ್ಲ ಮಾಡಿ, ಎಳೆದು ಪರೀಕ್ಷೆಯನ್ನೂ ಮಾಡಿದರೆ ಮುಗಿಯಿತಲ್ಲ? ಇಲ್ಲ. 2006ರ ಜುಲೈ 10ರಂದು ಬಾಸ್ಟನ್ನಿನ ಹೆದ್ದಾರಿ ಸುರಂಗವೊಂದರಲ್ಲಿ ಅಮೆರಿಕನ್ ಲೆಕ್ಕದ ಸುಮಾರು 26 ಟನ್ ತೂಕದ ಚಾವಣಿ ಹಲಗೆಗಳು, ಜೋಡಣೆಗಳು ಒಂದು ಕಾರಿನ ಮೇಲೆ ಬಿದ್ದವು. ಕಾರಿನಲ್ಲಿದ್ದ ಮಹಿಳೆಯೊಬ್ಬರು ಸತ್ತರು. ಆ ಕಾಂಕ್ರೀಟ್ ಹಲಗೆಗಳನ್ನು ತೂಗುಹಾಕಿದ್ದು ಸುರಂಗದ ಮೇಲ್ಭಾಗಕ್ಕೆ ಎಪಾಕ್ಸಿ ಅಂಟಿನಿಂದ ಕೂರಿಸಿದ ಬೋಲ್ಟ್‌ಗಳಿಂದ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2007ರಲ್ಲಿ ಕೊಟ್ಟ ವರದಿಯ ತಿರುಳು ಇಷ್ಟು: ಬಳಸಿದ ಬೇಗ ಗಟ್ಟಿಯಾಗುವ ಎಪಾಕ್ಸಿಗೆ, ನಿರಂತರ ಭಾರದಡಿ ನಿಧಾನವಾಗಿ ಜಾರದೆ ನಿಲ್ಲುವ ಗುಣ ಸಾಲದಾಗಿತ್ತು. ಈ ನಿಧಾನದ ಜಾರುವಿಕೆಗೆ ಕ್ರೀಪ್ ಅನ್ನುತ್ತಾರೆ. ಅಟ್ಟದ ತೆಳು ಹಲಗೆಯ ಮೇಲೆ ವರ್ಷಗಟ್ಟಲೆ ಪಾತ್ರೆ ಪೇರಿಸಿಟ್ಟರೆ ಅದು ಮೆಲ್ಲಗೆ ಬಾಗುತ್ತಲ್ಲ, ಅದೇ ಕ್ರೀಪ್. ಎಪಾಕ್ಸಿ ಉದ್ದುದ್ದ ಅಣುಸರಪಳಿಗಳ ಬಲೆ. ಕೆಲವು ನಿಮಿಷ ಎಳೆದರೆ ಬಲೆ ಗಟ್ಟಿಯಾಗಿ ನಿಲ್ಲುತ್ತದೆ, ಹಗಲೂ ರಾತ್ರಿ ಎಳೆಯುತ್ತಲೇ ಇದ್ದರೆ ಸರಪಳಿಗಳು ಒಂದರ ಪಕ್ಕ ಒಂದು ಸರಿಯುತ್ತವೆ.

ಇನ್ನೊಂದು ಮಾತು ಆ ವರದಿಯಲ್ಲಿದೆ. 1999ರಲ್ಲಿ, ಕಟ್ಟುತ್ತಿದ್ದಾಗಲೇ ಕೆಲವು ಬೋಲ್ಟ್‌ಗಳು ಕೆಳಗೆ ಜಾರಿದ್ದು ಕಂಡಿತ್ತು. ಅವನ್ನು ಮತ್ತೆ ಕೂರಿಸಿ, ಮತ್ತೆ ಎಳೆದು ನೋಡಿ, ಪಾಸಾದವು ಅಂತ ಕೆಲಸ ಮುಂದುವರಿಯಿತು. ಪರೀಕ್ಷೆ ಸುಳ್ಳು ಹೇಳಲಿಲ್ಲ. 'ಇವತ್ತು ಎಷ್ಟು ತಡೆಯುತ್ತೀಯ?' ಅಂತ ಕೇಳಿದ್ದಕ್ಕೆ ಸರಿಯಾಗೇ ಉತ್ತರ ಕೊಟ್ಟಿತು. ಕೇಳಬೇಕಿದ್ದದ್ದು 'ಹತ್ತು ವರ್ಷ ಹಿಡಿದಿರುತ್ತೀಯಾ?' ಅಂತ. ನಮ್ಮ ಪ್ರಯೋಗಾಲಯಗಳಲ್ಲೂ ಎಷ್ಟೋ ಸಲ ಆಗುವುದು ಇದೇ, ಸುಲಭವಾಗಿ ಅಳೆಯಬಹುದಾದದ್ದನ್ನು ಅಳೆದು, ಬೇಕಾದದ್ದನ್ನು ಅಳೆದೆವು ಅಂದುಕೊಳ್ಳುವುದು.

ಕಡಲ ಹತ್ತಿರ ಮೂರನೆಯ ಶತ್ರು ಉಪ್ಪು. ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಕ್ರೋಮಿಯಂ ಆಕ್ಸೈಡಿನ ತೆಳುವಾದ ಪೊರೆ ಇರುತ್ತದೆ, ತುಕ್ಕು ತಡೆಯುವುದು ಅದೇ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಲೋಹ ಬಿಗಿತದಲ್ಲಿದ್ದು, ವಾತಾವರಣ ಬೆಚ್ಚಗಿದ್ದು, ನೀರು ಚಿಮ್ಮಿ ಒಣಗಿ ಉಪ್ಪು ಗಟ್ಟಿಯಾಗುತ್ತಿದ್ದರೆ ಕೂದಲೆಳೆಯಂಥ ಬಿರುಕುಗಳು ಒಳಗೊಳಗೇ ಬೆಳೆಯುತ್ತವೆ. ಥಾಯ್ಲೆಂಡಿನ ರೈಲೇ ಮತ್ತು ಟೋನ್ಸಾಯ್ ಕಡಲ ಬಂಡೆಗಳಲ್ಲಿ ಹೀಗೆ ಸ್ಟೇನ್‌ಲೆಸ್ ಬೋಲ್ಟ್‌ಗಳು ಕೆಲವೇ ವರ್ಷಗಳಲ್ಲಿ ಮುರಿದು, ಬಂಡೆ ಹತ್ತುವವರು ಅಂಟಿನ ಟೈಟಾನಿಯಂ ಬೋಲ್ಟ್‌ಗಳಿಗೆ ಬದಲಾಗಬೇಕಾಯಿತು. ಎರಡು ಬೇರೆ ಲೋಹಗಳನ್ನು ಉಪ್ಪುನೀರಲ್ಲಿ ಜೋಡಿಸಿದರಂತೂ ಬ್ಯಾಟರಿ ಕಟ್ಟಿದ ಹಾಗೆ, ದುರ್ಬಲ ಲೋಹ ಬೇಗ ಸವೆಯುತ್ತದೆ.

ಇದೆಲ್ಲವೂ ಒಟ್ಟಿಗೆ ಸೇರಿ ಜೀವ ಉಳಿಸಿದ ಒಂದು ಉದಾಹರಣೆ ಹೇಳುತ್ತೇವೆ. ಫ್ಲೋರಿಡಾದ ಕೀ ಲಾರ್ಗೊ ಹತ್ತಿರದ ಹವಳ ನೋಡಲು ಬರುವ ದೋಣಿಗಳು ಲಂಗರು ಹಾಕಿ ಅದೇ ಹವಳವನ್ನು ಒಡೆಯುತ್ತಿದ್ದವು. ಗುಂಡು ಬಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ, ಒಂದು ಲಂಗರು ಒಂದು ಕ್ಷಣದಲ್ಲಿ ಐವತ್ತು ವರ್ಷ ಅಳಿಸಬಲ್ಲದು. ಅಲ್ಲಿನ ಸಾಗರ ಅಭಯಾರಣ್ಯದ ಜೀವವಿಜ್ಞಾನಿ ಜಾನ್ ಹಲಾಸ್ 1981ರಲ್ಲಿ ಫ್ರೆಂಚ್ ರೀಫ್‌ನಲ್ಲಿ ಹೊಸ ಉಪಾಯ ಮಾಡಿದರು. ಜೀವಂತ ಹವಳ ಬಿಟ್ಟು, ಬರಿಯ ಸುಣ್ಣಕಲ್ಲಿನಲ್ಲಿ ಹೈಡ್ರಾಲಿಕ್ ಡ್ರಿಲ್‌ನಿಂದ ಸುಮಾರು 10 ಸೆಂ.ಮೀ. ಅಗಲ, 45 ಸೆಂ.ಮೀ. ಆಳದ ತೂತು ಕೊರೆದು, ಬಳೆಯಂಥ ತಲೆಯ ಸ್ಟೇನ್‌ಲೆಸ್ ಬೋಲ್ಟ್ ಇಟ್ಟು ಸಿಮೆಂಟ್ ತುಂಬುವುದು. ಸಿಮೆಂಟ್ ಒಣಗಿ ಗಟ್ಟಿಯಾಗುವುದಲ್ಲ, ನೀರಿನ ಜೊತೆಗಿನ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವುದು, ಆದ್ದರಿಂದ ಸಮುದ್ರದೊಳಗೂ ನಿಲ್ಲುತ್ತದೆ. ಬೋಲ್ಟಿಗೆ ಹಗ್ಗ, ಹಗ್ಗಕ್ಕೆ ತೇಲುಬುರುಡೆ. ದೋಣಿ ಬಂದು ಬುರುಡೆಗೆ ಕಟ್ಟಿಕೊಂಡರೆ ಸಾಕು, ಲಂಗರು ಇಳಿಸುವ ಮಾತೇ ಇಲ್ಲ. ಈ ವಿಧಾನ ಇವತ್ತು ಅನೇಕ ದೇಶಗಳಲ್ಲಿದೆ. ತಳ ಕಲ್ಲಲ್ಲದೆ ಮರಳು ಅಥವಾ ಕಡಲಹುಲ್ಲಾದರೆ, ಸ್ಕ್ರೂನಂತೆ ನೆಲಕ್ಕೆ ತಿರುಗಿಸಿ ಇಳಿಸುವ ದಂಡಗಳಿವೆ. ಮುಂದಿನ ಸಲ ಡೈವಿಂಗ್ ಹೋದಾಗ ನಿಮ್ಮ ದೋಣಿ ಬುರುಡೆಗೆ ಕಟ್ಟಿಕೊಳ್ಳುತ್ತದೋ ಲಂಗರು ಎಸೆಯುತ್ತದೋ ಗಮನಿಸಿ, ಕೇಳಿ.

ಕೊನೆಗೆ ಮನೆಯ ಮಾತು. ಹೊರದೇಶದಲ್ಲಿದ್ದರೂ ನಮ್ಮವರಿಗೆ ಮನೆಯಲ್ಲೊಂದು ಉಯ್ಯಾಲೆ ಬೇಕು, ಮಗುವಿಗೆ ತೊಟ್ಟಿಲು ಬೇಕು. ತಲೆಯ ಮೇಲಿಂದ ತೂಗುವ ಭಾರ ಅಂದರೆ ಬಾಸ್ಟನ್ನಿನ ಭಾರದ ಜಾತಿಯದೇ, ಜೊತೆಗೆ ತೂಗಿದಾಗಿನ ಜಗ್ಗಾಟ ಬೇರೆ. ಗಲ್ಫ್, ಸಿಂಗಪುರದ ಕಾಂಕ್ರೀಟ್ ಚಾವಣಿಗಳಲ್ಲಿ ಕೆಲವೆಡೆ ಬಿಗಿದ ಉಕ್ಕಿನ ತಂತಿಗಳಿರುತ್ತವೆ, ಕೇಳದೆ ಕೊರೆಯಲೇಬಾರದು. ಅಮೆರಿಕದ ಮರದ ಮನೆಗಳಲ್ಲಿ ಜಿಪ್ಸಂ ಹಲಗೆಗೆ ಅಲ್ಲ, ಅದರ ಹಿಂದಿನ ತೊಲೆಗೇ ಹೋಗಬೇಕು. ತೊಲೆ ಅಷ್ಟು ಭಾರ ತಡೆಯುತ್ತದೋ ಇಲ್ಲವೋ ಗೊತ್ತಿರುವವರನ್ನು ಕೇಳಿ ಮುಂದುವರಿಯಿರಿ. ಕೂರಿಸಿದ ಮೇಲೂ ಬೋಲ್ಟಿನ ಬುಡದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಿಡಿ. ಹಬ್ಬಕ್ಕೊಮ್ಮೆ ಮನೆ ಸ್ವಚ್ಛ ಮಾಡುವಾಗ ಅದನ್ನು ನೋಡಿ. ಗೆರೆ ಒಂದು ಮಿಲಿಮೀಟರ್ ಸರಿದಿದ್ದರೂ ಉಯ್ಯಾಲೆ ಇಳಿಸಿಬಿಡಿ, ಮತ್ತೆ ಬಿಗಿದು ಸುಮ್ಮನಾಗಬೇಡಿ.

ಪ್ರಶ್ನೆಗಳಿದ್ದರೆ ಬರೆಯಿರಿ.